ಮಂಡ್ಯ ಜಿಲ್ಲೆಯ ಕಬ್ಬಿನ ಎಥನಾಲ್ ಮತ್ತು ಸರ್ಕಾರಿ ಇಂಧನ ನೀತಿ

ಕಬ್ಬಿನ ರಸ ಅಥವಾ ಕಾಕಂಬಿಯಿಂದ ಎಥನಾಲ್ ತಯಾರಿಸಿ ಪೆಟ್ರೋಲಿಗೆ ಬೆರೆಸುವುದನ್ನು ಉತ್ತೇಜಿಸಲು ಮತ್ತು ನಿಯಂತ್ರಿಸಲು ಕೇಂದ್ರ ಹಾಗೂ ರಾಜ್ಯ ಸರ್ಕಾರಗಳು ರೂಪಿಸಿರುವ ಕಾಯಿದೆ, ಆದೇಶ, ಬೆಲೆ ನಿಗದಿ ಮತ್ತು ಪರವಾನಗಿಗಳ ಒಟ್ಟು ವ್ಯವಸ್ಥೆಯೇ ಎಥನಾಲ್ ಇಂಧನ ನೀತಿ. ಕರ್ನಾಟಕದಲ್ಲಿ ಈ ನೀತಿ ಅನ್ವಯವಾಗುವ ಹಳೆಯ ಕಬ್ಬಿನ ಪ್ರದೇಶಗಳಲ್ಲಿ ಮಂಡ್ಯ ಜಿಲ್ಲೆಯೂ ಒಂದು. ಇಲ್ಲಿನ ಮಂಡ್ಯ, ಮದ್ದೂರು ಮತ್ತು ಮಳವಳ್ಳಿ ತಾಲ್ಲೂಕುಗಳು ಕೃಷ್ಣರಾಜಸಾಗರದ ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿನಲ್ಲಿವೆ. ಎಥನಾಲ್ ಖರೀದಿಯ ಪ್ರಮಾಣ ಮತ್ತು ಬೆಲೆಯನ್ನು ಕೇಂದ್ರ ಸರ್ಕಾರ ನಿರ್ಧರಿಸುತ್ತದೆ. ಕಾರ್ಖಾನೆಯ ಕಬ್ಬಿನ ಪ್ರದೇಶ, ಕಾಕಂಬಿಯ ಸಾಗಣೆ ಮತ್ತು ಮಾಲಿನ್ಯದ ಮೇಲ್ವಿಚಾರಣೆ ರಾಜ್ಯದ ಕೈಯಲ್ಲಿದೆ. ಕಚ್ಚಾವಸ್ತುವಿನ ಲಭ್ಯತೆ ಕಾವೇರಿ ನೀರಿನ ಹಂಚಿಕೆಯನ್ನು ಅವಲಂಬಿಸಿದೆ. ಜಿಲ್ಲೆಯ ಎಥನಾಲ್ ಉದ್ಯಮ ಈ ಮೂರು ಪ್ರತ್ಯೇಕ ನಿರ್ಧಾರಗಳಿಗೆ ಒಳಪಟ್ಟಿದೆ.

ಪರಿಭಾಷೆ

ಈ ಲೇಖನದಲ್ಲಿ ‘ಎಥನಾಲ್’ ಎಂದರೆ ಇಂಧನಕ್ಕೆ ಬಳಸುವ ನಿರ್ಜಲ ಈಥೈಲ್ ಆಲ್ಕೊಹಾಲ್. ಇದರ ಗುಣಮಟ್ಟವನ್ನು ಭಾರತೀಯ ಮಾನಕ ಬ್ಯೂರೊದ ಐಎಸ್ 15464 ಮಾನಕ ನಿಗದಿಪಡಿಸುತ್ತದೆ. ಸುಮಾರು ಶೇ. 95ರಷ್ಟು ಆಲ್ಕೊಹಾಲ್ ಇರುವ, ನೀರಿನ ಅಂಶ ಉಳಿದ ದ್ರವ ‘ರೆಕ್ಟಿಫೈಡ್ ಸ್ಪಿರಿಟ್’. ಸಕ್ಕರೆ ಹರಳು ತೆಗೆದ ಮೇಲೆ ಉಳಿಯುವ ಮಂದ ಕಪ್ಪು ದ್ರವ ‘ಕಾಕಂಬಿ’. ಮೂರು ಸಲ ಹರಳುಗಟ್ಟಿಸಿದ ನಂತರ ಉಳಿಯುವುದು ‘ಸಿ-ಹೆವಿ ಕಾಕಂಬಿ’. ಎರಡನೇ ಹಂತದಲ್ಲಿಯೇ ತೆಗೆದ, ಸಕ್ಕರೆ ಹೆಚ್ಚು ಉಳಿದಿರುವ ಕಾಕಂಬಿ ‘ಬಿ-ಹೆವಿ’. ರಸ ಹಿಂಡಿದ ಮೇಲೆ ಉಳಿಯುವ ಸಿಪ್ಪೆ ‘ಬಗಾಸ್’, ರಸ ಸೋಸಿದಾಗ ಉಳಿಯುವ ಮಡ್ಡಿ ‘ಪ್ರೆಸ್‌ಮಡ್’, ಬಟ್ಟಿ ಇಳಿಸಿದ ಮೇಲೆ ಉಳಿಯುವ ತ್ಯಾಜ್ಯ ದ್ರವ ‘ಸ್ಪೆಂಟ್‌ವಾಷ್’. ‘ಇ10’, ‘ಇ20’ ಎಂಬ ಸಂಕೇತಗಳು ಪೆಟ್ರೋಲಿನಲ್ಲಿ ಕ್ರಮವಾಗಿ ಶೇ. 10 ಮತ್ತು ಶೇ. 20ರಷ್ಟು ಎಥನಾಲ್ ಇರುವುದನ್ನು ಸೂಚಿಸುತ್ತವೆ. ‘ಎಥನಾಲ್ ಸರಬರಾಜು ವರ್ಷ’ ಈಗ ನವೆಂಬರ್‌ನಿಂದ ಅಕ್ಟೋಬರ್‌ವರೆಗಿನ ಅವಧಿ. ಮೊದಲು ಅದು ಡಿಸೆಂಬರ್‌ನಿಂದ ನವೆಂಬರ್‌ವರೆಗೆ ಇತ್ತು.

ಭೂವೈಜ್ಞಾನಿಕ ಹಿನ್ನೆಲೆ

ಎಥನಾಲಿನಂತೆಯೇ ಸಾಂಪ್ರದಾಯಿಕ ತೈಲಕ್ಕೆ ಪರ್ಯಾಯವೆನಿಸುವ ಶೇಲ್ ಅನಿಲ, ಶೇಲ್ ತೈಲ, ಕಲ್ಲಿದ್ದಲ ಪದರದ ಮೀಥೇನ್ ಮುಂತಾದ ಅಸಾಂಪ್ರದಾಯಿಕ ತೈಲ ಮತ್ತು ಅನಿಲಗಳಿಗೆ ಭಾರತದಲ್ಲಿ ಪ್ರತ್ಯೇಕ ನೀತಿ ಸರಣಿಯಿದೆ. 1997ರಲ್ಲಿ ಕಲ್ಲಿದ್ದಲ ಪದರದ ಮೀಥೇನ್ ನೀತಿ ಬಂತು. 2013ರ ಶೇಲ್ ನೀತಿ ಸಾರ್ವಜನಿಕ ವಲಯದ ತೈಲ ಕಂಪನಿಗಳಿಗೆ ಶೇಲ್ ಶೋಧನೆಯ ಅವಕಾಶ ನೀಡಿತು. 2016ರ ಹೈಡ್ರೊಕಾರ್ಬನ್ ಶೋಧನೆ ಮತ್ತು ಪರವಾನಗಿ ನೀತಿ ಎಲ್ಲ ಬಗೆಯ ಹೈಡ್ರೊಕಾರ್ಬನ್‌ಗಳಿಗೆ ಒಂದೇ ಪರವಾನಗಿಯನ್ನು ತಂದಿತು. ಹಳೆಯ ಒಪ್ಪಂದಗಳ ಪ್ರದೇಶಗಳಲ್ಲಿಯೂ ಅಸಾಂಪ್ರದಾಯಿಕ ಸಂಪನ್ಮೂಲಗಳ ಶೋಧನೆಗೆ 2018ರಲ್ಲಿ ಅನುಮತಿ ದೊರೆಯಿತು. 2025ರ ತೈಲಕ್ಷೇತ್ರಗಳ ತಿದ್ದುಪಡಿ ಕಾಯಿದೆ ಶೇಲ್ ತೈಲ, ಶೇಲ್ ಅನಿಲ ಮತ್ತು ಗ್ಯಾಸ್ ಹೈಡ್ರೇಟುಗಳನ್ನು ‘ಖನಿಜ ತೈಲ’ದ ವ್ಯಾಖ್ಯೆಯೊಳಗೆ ಸೇರಿಸಿತು.

ಈ ಸರಣಿ ಮಂಡ್ಯ ಜಿಲ್ಲೆಗೆ ಅನ್ವಯಿಸುವ ಸಂದರ್ಭವಿಲ್ಲ. ತೈಲ ಮತ್ತು ಅನಿಲ ಸಾಮಾನ್ಯವಾಗಿ ಜಲಜ ಶಿಲೆಗಳ ಪದರಗಳಲ್ಲಿ ಹುಟ್ಟಿ ಸಂಗ್ರಹವಾಗುತ್ತವೆ. ಜಿಲ್ಲೆಯ ತಳಶಿಲೆ ಆರ್ಕಿಯನ್ ಯುಗದ ಪರ್ಯಾಯದ್ವೀಪೀಯ ನೈಸ್ ಮತ್ತು ಗ್ರಾನೈಟ್. ಕರ್ನಾಟಕದಲ್ಲಿ ಪುರಾತನ ಜಲಜ ಶಿಲಾದ್ರೋಣಿಗಳಿರುವುದು ಉತ್ತರದ ಕಲಾದಗಿ ಮತ್ತು ಭೀಮಾ ಪ್ರದೇಶಗಳಲ್ಲಿ. ಹೀಗಾಗಿ ಪೆಟ್ರೋಲಿಗೆ ಪರ್ಯಾಯವಾದ ದ್ರವ ಇಂಧನದ ನೀತಿ ಈ ಜಿಲ್ಲೆಯಲ್ಲಿ ನೆಲದಡಿಯ ಸಂಪನ್ಮೂಲಕ್ಕಲ್ಲ, ನೀರಾವರಿ ಬೆಳೆಗೆ ಸಂಬಂಧಿಸಿದೆ.

ಚರಿತ್ರೆ

ನಾಲೆ ಮತ್ತು ಕಾರ್ಖಾನೆ. ಕೃಷ್ಣರಾಜಸಾಗರ ಅಣೆಕಟ್ಟೆಯ ಕೆಲಸ 1911ರಲ್ಲಿ ಆರಂಭವಾಗಿ 1930ರ ದಶಕದ ಆರಂಭದ ಹೊತ್ತಿಗೆ ಮುಗಿಯಿತು. ಎಡದಂಡೆಯ ಇರ್ವಿನ್ ನಾಲೆ, ಇಂದಿನ ವಿಶ್ವೇಶ್ವರಯ್ಯ ನಾಲೆ, ಹುಲಿಕೆರೆ ಸುರಂಗದ ಮೂಲಕ ಹಾದು ಮಂಡ್ಯ ಬಯಲಿಗೆ ನೀರು ತಂದಿತು. ಅದುವರೆಗೆ ರಾಗಿ ಮತ್ತು ಕೆರೆ ನೀರಿನ ಭತ್ತ ಪ್ರಧಾನವಾಗಿದ್ದ ಕಡೆ ಕಬ್ಬು ವಾಣಿಜ್ಯ ಬೆಳೆಯಾಯಿತು. ಮೈಸೂರು ಸಂಸ್ಥಾನದ ಕೃಷಿ ನಿರ್ದೇಶಕರಾಗಿದ್ದ ಕೆನಡಾ ಮೂಲದ ವಿಜ್ಞಾನಿ ಲೆಸ್ಲಿ ಕೋಲ್ಮನ್ ನಾಲೆ ಪ್ರದೇಶದ ಕೃಷಿ ಯೋಜನೆಯಲ್ಲಿಯೂ ಸಕ್ಕರೆ ಕಾರ್ಖಾನೆಯ ಸ್ಥಾಪನೆಯಲ್ಲಿಯೂ ಮುಖ್ಯ ಪಾತ್ರ ವಹಿಸಿದರು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಮಂಡ್ಯದಲ್ಲಿ ಸ್ಥಾಪನೆಯಾಯಿತು. ಇದು ‘ಮೈಷುಗರ್’ ಎಂದು ಪ್ರಸಿದ್ಧ. 1939ರ ಜುಲೈ 1ರಂದು ಮೈಸೂರು ಜಿಲ್ಲೆಯಿಂದ ಬೇರ್ಪಟ್ಟು ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು. ಮಂಡ್ಯದ ವಿ.ಸಿ. ಫಾರಂ, ಈಗಿನ ವಲಯ ಕೃಷಿ ಸಂಶೋಧನಾ ಕೇಂದ್ರ, ಅಚ್ಚುಕಟ್ಟಿಗೆ ತಕ್ಕ ಕಬ್ಬು ಮತ್ತು ಭತ್ತದ ತಳಿಗಳ ಸಂಶೋಧನೆ ನಡೆಸುತ್ತದೆ.

ಪವರ್ ಆಲ್ಕೊಹಾಲ್. ಕಾರ್ಖಾನೆಯ ಕಾಕಂಬಿಯನ್ನು ಬಳಸಲು ಮಂಡ್ಯದಲ್ಲಿ ಡಿಸ್ಟಿಲರಿ ಸೇರಿಕೊಂಡಿತು. ಎರಡನೇ ಮಹಾಯುದ್ಧದ ಕಾಲಕ್ಕೆ ಪೆಟ್ರೋಲಿನ ಕೊರತೆ ಇದ್ದಾಗ ಮೋಟಾರು ಇಂಧನಕ್ಕೆ ಬೆರೆಸುವ ಆಲ್ಕೊಹಾಲನ್ನು ‘ಪವರ್ ಆಲ್ಕೊಹಾಲ್’ ಎಂದು ಕರೆಯಲಾಗುತ್ತಿತ್ತು. ಮೈಸೂರು ಸಂಸ್ಥಾನ ಇದನ್ನು ಉತ್ಪಾದಿಸಿದ ಪ್ರದೇಶಗಳಲ್ಲೊಂದು. ಸ್ವಾತಂತ್ರ್ಯಾನಂತರ ಕೇಂದ್ರ ಸರ್ಕಾರ 1948ರಲ್ಲಿ ಭಾರತೀಯ ಪವರ್ ಆಲ್ಕೊಹಾಲ್ ಕಾಯಿದೆಯನ್ನು ಜಾರಿಗೆ ತಂದಿತು. ಪೆಟ್ರೋಲ್ ಸುಲಭವಾಗಿ ದೊರೆಯತೊಡಗಿ, ಆಲ್ಕೊಹಾಲಿಗೆ ರಾಸಾಯನಿಕ ಕೈಗಾರಿಕೆ ಮತ್ತು ಮದ್ಯದಿಂದ ಬೇಡಿಕೆ ಹೆಚ್ಚಿದಂತೆ ಈ ಬಳಕೆ ಹಿಂದೆ ಸರಿಯಿತು. 1961ರ ಕಾಕಂಬಿ ನಿಯಂತ್ರಣ ಆದೇಶ ಕಾಕಂಬಿಯ ಬೆಲೆ ಮತ್ತು ಹಂಚಿಕೆಯನ್ನು ಸರ್ಕಾರದ ಹಿಡಿತಕ್ಕೆ ತಂದಿತು. 1993ರಲ್ಲಿ ಕೇಂದ್ರ ಈ ನಿಯಂತ್ರಣವನ್ನು ಕೈಬಿಟ್ಟಿತು. ಪವರ್ ಆಲ್ಕೊಹಾಲ್ ಕಾಯಿದೆ 2000ದಲ್ಲಿ ರದ್ದಾಯಿತು.

ಮಿಶ್ರಣ ಕಾರ್ಯಕ್ರಮ. ಇಂದಿನ ಕಾರ್ಯಕ್ರಮ 2001ರಲ್ಲಿ ಮಹಾರಾಷ್ಟ್ರ ಮತ್ತು ಉತ್ತರ ಪ್ರದೇಶದ ಪ್ರಾಯೋಗಿಕ ಯೋಜನೆಗಳಿಂದ ಆರಂಭವಾಯಿತು. 2003ರ ಜನವರಿಯಿಂದ ಒಂಬತ್ತು ರಾಜ್ಯಗಳಲ್ಲಿ ಶೇ. 5ರ ಮಿಶ್ರಣ ಜಾರಿಯಾಯಿತು. ಅವುಗಳಲ್ಲಿ ಕರ್ನಾಟಕವೂ ಸೇರಿತ್ತು. 2006ರಲ್ಲಿ ವ್ಯಾಪ್ತಿ ಇಪ್ಪತ್ತು ರಾಜ್ಯಗಳಿಗೆ ಹಿಗ್ಗಿದರೂ ಪೂರೈಕೆ ಸಾಲಲಿಲ್ಲ. 2009ರ ರಾಷ್ಟ್ರೀಯ ಜೈವಿಕ ಇಂಧನ ನೀತಿ 2017ರೊಳಗೆ ಶೇ. 20ರ ಗುರಿ ಇಟ್ಟಿತ್ತು. 2013–14ರಲ್ಲಿ ಸಾಧಿತವಾದದ್ದು ಶೇ. 1.53 ಮಾತ್ರ. 2014ರ ಡಿಸೆಂಬರಿನಲ್ಲಿ ಕೇಂದ್ರವೇ ಎಥನಾಲ್ ಬೆಲೆ ನಿಗದಿಪಡಿಸುವ ಪದ್ಧತಿ ಮರಳಿ ಬಂದ ಮೇಲೆ ಖರೀದಿ ಏರತೊಡಗಿತು.

2018ರ ರಾಷ್ಟ್ರೀಯ ಜೈವಿಕ ಇಂಧನ ನೀತಿ ಬಿ-ಹೆವಿ ಕಾಕಂಬಿ, ಕಬ್ಬಿನ ರಸ ಮತ್ತು ಕೆಟ್ಟ ಧಾನ್ಯದಿಂದ ಎಥನಾಲ್ ತಯಾರಿಕೆಗೆ ದಾರಿ ತೆರೆದು, 2030ರೊಳಗೆ ಶೇ. 20ರ ಮಿಶ್ರಣವನ್ನು ಗುರಿಯಾಗಿಸಿತು. 2022ರ ತಿದ್ದುಪಡಿ ಈ ಗುರಿಯನ್ನು 2025–26ರ ಸರಬರಾಜು ವರ್ಷಕ್ಕೆ ಹಿಂದಕ್ಕೆ ತಂದಿತು. ಮಿಶ್ರಣ 2022ರ ಜೂನ್‌ನಲ್ಲಿ ಶೇ. 10ರ ಮಟ್ಟ ದಾಟಿತು. 2023ರ ಫೆಬ್ರುವರಿ 6ರಂದು ಬೆಂಗಳೂರಿನಲ್ಲಿ ನಡೆದ ಭಾರತ ಇಂಧನ ಸಪ್ತಾಹದಲ್ಲಿ ಇ20 ಪೆಟ್ರೋಲ್ ಮಾರಾಟಕ್ಕೆ ಚಾಲನೆ ಸಿಕ್ಕಿತು.

ಕಾನೂನಿನ ಚೌಕಟ್ಟು

ಕೇಂದ್ರದ ಅಧಿಕಾರ. ಎಥನಾಲ್ ಖರೀದಿಯ ಹೊಣೆ ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲ ಸಚಿವಾಲಯದ್ದು. ಇಂಡಿಯನ್ ಆಯಿಲ್, ಭಾರತ್ ಪೆಟ್ರೋಲಿಯಂ ಮತ್ತು ಹಿಂದೂಸ್ಥಾನ್ ಪೆಟ್ರೋಲಿಯಂ ಕಂಪನಿಗಳು ಪ್ರತಿ ವರ್ಷ ಟೆಂಡರ್ ಕರೆದು, ಡಿಸ್ಟಿಲರಿಗಳಿಗೆ ಸರಬರಾಜಿನ ಪ್ರಮಾಣ ಹಂಚುತ್ತವೆ. ಸಕ್ಕರೆಯ ಎಷ್ಟು ಭಾಗ ಎಥನಾಲಿಗೆ ಹೋಗಬಹುದು ಎಂಬುದನ್ನು ಆಹಾರ ಮತ್ತು ಸಾರ್ವಜನಿಕ ವಿತರಣಾ ಇಲಾಖೆ ನಿಯಂತ್ರಿಸುತ್ತದೆ. ಡಿಸ್ಟಿಲರಿ ಸ್ಥಾಪನೆ ಮತ್ತು ವಿಸ್ತರಣೆಗೆ ಪಡೆದ ಬ್ಯಾಂಕ್ ಸಾಲದ ಬಡ್ಡಿಯಲ್ಲಿ ಒಂದು ಭಾಗವನ್ನು ಭರಿಸುವ ಯೋಜನೆಯನ್ನು ಇದೇ ಇಲಾಖೆ 2018ರಲ್ಲಿ ಆರಂಭಿಸಿತು. 2021ರಲ್ಲಿ ಧಾನ್ಯ ಆಧಾರಿತ ಘಟಕಗಳಿಗೂ ಅದು ವಿಸ್ತರಿಸಿತು. ಮಿಶ್ರಣಕ್ಕೆ ಹೋಗುವ ಎಥನಾಲಿನ ಮೇಲಿನ ಜಿಎಸ್‌ಟಿ 2018ರಲ್ಲಿ ಶೇ. 18ರಿಂದ ಶೇ. 5ಕ್ಕೆ ಇಳಿಯಿತು.

ಕಬ್ಬಿನ ನಿಯಂತ್ರಣ. 1966ರ ಕಬ್ಬು ನಿಯಂತ್ರಣ ಆದೇಶ ಕಬ್ಬಿನ ಬೆಲೆ, ಪಾವತಿಯ ಅವಧಿ, ಕಾರ್ಖಾನೆಗೆ ಮೀಸಲಾದ ಪ್ರದೇಶ ಮತ್ತು ಎರಡು ಕಾರ್ಖಾನೆಗಳ ನಡುವಿನ ಅಂತರವನ್ನು ವಿಧಿಸುತ್ತದೆ. ಕನಿಷ್ಠ 15 ಕಿಲೋಮೀಟರ್ ಅಂತರದ ನಿಯಮ 2006ರ ತಿದ್ದುಪಡಿಯಿಂದ ಬಂದದ್ದು. 2018ರ ತಿದ್ದುಪಡಿಯ ಪ್ರಕಾರ ಬಿ-ಹೆವಿ ಕಾಕಂಬಿ ಅಥವಾ ರಸದಿಂದ ತಯಾರಾದ ಪ್ರತಿ 600 ಲೀಟರ್ ಎಥನಾಲನ್ನು ಒಂದು ಟನ್ ಸಕ್ಕರೆಗೆ ಸಮವೆಂದು ಲೆಕ್ಕ ಹಿಡಿಯಬೇಕು. ರೈತರಿಗೆ ಸಲ್ಲುವ ಬೆಲೆ ಸಕ್ಕರೆ ಇಳುವರಿಗೆ ತಳುಕು ಹಾಕಿಕೊಂಡಿರುವುದರಿಂದ, ಎಥನಾಲಿಗೆ ಹೋದ ಸಕ್ಕರೆ ಲೆಕ್ಕದಿಂದ ಬಿಟ್ಟುಹೋಗದಂತೆ ಈ ಸೂತ್ರ ನೋಡಿಕೊಳ್ಳುತ್ತದೆ. ಸಕ್ಕರೆ ಉದ್ಯಮದ ನಿಯಂತ್ರಣ ಆದೇಶ 2025ರಲ್ಲಿ ಪರಿಷ್ಕೃತವಾಗಿ, ದಿನಕ್ಕೆ 500 ಟನ್‌ಗಿಂತ ಹೆಚ್ಚು ಕಬ್ಬು ಅರೆಯುವ ಖಂಡಸಾರಿ ಘಟಕಗಳೂ ಅದರ ವ್ಯಾಪ್ತಿಗೆ ಬಂದವು.

ರಾಜ್ಯದ ಅಧಿಕಾರ. ಕರ್ನಾಟಕ ಕಬ್ಬು (ಖರೀದಿ ಮತ್ತು ಸರಬರಾಜು ನಿಯಂತ್ರಣ) ಕಾಯಿದೆ 2013ರ ಅಡಿಯಲ್ಲಿ ಕಬ್ಬು ನಿಯಂತ್ರಣ ಮಂಡಳಿ ಇದೆ. ಕಬ್ಬು ಅಭಿವೃದ್ಧಿ ಮತ್ತು ಸಕ್ಕರೆ ನಿರ್ದೇಶನಾಲಯ ಕಾರ್ಖಾನೆಗಳ ಕಬ್ಬಿನ ಪ್ರದೇಶ ಮತ್ತು ರೈತರ ಬಾಕಿಯ ಮೇಲ್ವಿಚಾರಣೆ ನಡೆಸುತ್ತದೆ. ಕಾಕಂಬಿ ಮತ್ತು ಸ್ಪಿರಿಟ್‌ನ ದಾಸ್ತಾನು ಹಾಗೂ ಸಾಗಣೆ 1965ರ ಕರ್ನಾಟಕ ಅಬಕಾರಿ ಕಾಯಿದೆಯಡಿ ಅಬಕಾರಿ ಇಲಾಖೆಯ ನಿಗಾದಲ್ಲಿರುತ್ತವೆ. ರಾಜ್ಯ 2009ರಲ್ಲಿ ತನ್ನದೇ ಜೈವಿಕ ಇಂಧನ ನೀತಿಯನ್ನು ಪ್ರಕಟಿಸಿತು. ಅದರ ಒತ್ತು ಹೊಂಗೆ, ಬೇವು ಮೊದಲಾದ ಎಣ್ಣೆಬೀಜದ ಮರಗಳ ಮೇಲಿತ್ತು. ಅದರ ಅನುಷ್ಠಾನಕ್ಕೆ ಜೈವಿಕ ಇಂಧನ ಅಭಿವೃದ್ಧಿ ಮಂಡಳಿ ರಚನೆಯಾಯಿತು.

ಅಧಿಕಾರದ ಗಡಿ. ಮದ್ಯೇತರ ಆಲ್ಕೊಹಾಲಿನ ಮೇಲೆ ಕೇಂದ್ರಕ್ಕೆಷ್ಟು, ರಾಜ್ಯಕ್ಕೆಷ್ಟು ಅಧಿಕಾರ ಎಂಬುದು ದೀರ್ಘಕಾಲದ ಕಾನೂನು ವಿವಾದ. ಸಿಂಥೆಟಿಕ್ಸ್ ಅಂಡ್ ಕೆಮಿಕಲ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 1989ರಲ್ಲಿ ರಾಜ್ಯಗಳ ಅಧಿಕಾರವನ್ನು ಕುಡಿಯುವ ಮದ್ಯಕ್ಕೆ ಸೀಮಿತಗೊಳಿಸಿತ್ತು. 2016ರಲ್ಲಿ ಕೈಗಾರಿಕೆಗಳ (ಅಭಿವೃದ್ಧಿ ಮತ್ತು ನಿಯಂತ್ರಣ) ಕಾಯಿದೆಗೆ ಬಂದ ತಿದ್ದುಪಡಿಯೂ ಇದೇ ಗಡಿಯನ್ನು ಅನುಸರಿಸಿತು. 2024ರ ಅಕ್ಟೋಬರ್ 23ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಎಂಟು–ಒಂದರ ಬಹುಮತದಿಂದ ಹಿಂದಿನ ತೀರ್ಪನ್ನು ತಳ್ಳಿಹಾಕಿ, ‘ಮಾದಕ ಮದ್ಯ’ ಎಂಬ ಪದದೊಳಗೆ ಕೈಗಾರಿಕಾ ಆಲ್ಕೊಹಾಲೂ ಬರುತ್ತದೆ ಎಂದಿತು. ನ್ಯಾಯಮೂರ್ತಿ ಬಿ.ವಿ. ನಾಗರತ್ನ ಭಿನ್ನ ತೀರ್ಪು ನೀಡಿದರು.

ತಯಾರಿಕೆ

ಕಾಕಂಬಿ ಅಥವಾ ರಸಕ್ಕೆ ನೀರು ಬೆರೆಸಿ ಹದಗೊಳಿಸಿ, ಯೀಸ್ಟ್ ಸೇರಿಸಿ ಹುದುಗಿಸಲಾಗುತ್ತದೆ. ಯೀಸ್ಟ್ ಸಕ್ಕರೆಯನ್ನು ಎಥನಾಲ್ ಮತ್ತು ಇಂಗಾಲದ ಡೈಆಕ್ಸೈಡ್ ಆಗಿ ಒಡೆಯುತ್ತದೆ. ಒಂದು ಕಿಲೋ ಗ್ಲೂಕೋಸಿನಿಂದ ಸಿದ್ಧಾಂತದ ಪ್ರಕಾರ ಗರಿಷ್ಠ 0.511 ಕಿಲೋ ಎಥನಾಲ್ ದೊರೆಯುತ್ತದೆ. ಹುದುಗಿದ ದ್ರವವನ್ನು ಬಟ್ಟಿ ಇಳಿಸಿದಾಗ ರೆಕ್ಟಿಫೈಡ್ ಸ್ಪಿರಿಟ್ ಬರುತ್ತದೆ. ಶುದ್ಧ ಎಥನಾಲ್ 78.4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ಆದರೆ ತೂಕದಲ್ಲಿ ಸುಮಾರು ಶೇ. 95.6ರ ಸಾಂದ್ರತೆಯಲ್ಲಿ ನೀರು ಮತ್ತು ಎಥನಾಲ್ ಒಟ್ಟಾಗಿಯೇ ಆವಿಯಾಗುವುದರಿಂದ ಸಾಮಾನ್ಯ ಬಟ್ಟಿಯಿಂದ ಅದಕ್ಕಿಂತ ಮುಂದೆ ಹೋಗಲಾಗದು. ಉಳಿದ ನೀರನ್ನು ಜಿಯೊಲೈಟ್ ಹರಳುಗಳ ಆಣ್ವಿಕ ಜರಡಿಯಿಂದ ತೆಗೆದು ಶೇ. 99.5ಕ್ಕೂ ಹೆಚ್ಚು ಶುದ್ಧತೆಯ ನಿರ್ಜಲ ಎಥನಾಲ್ ಪಡೆಯುತ್ತಾರೆ. ಟ್ಯಾಂಕರುಗಳಲ್ಲಿ ಅದು ತೈಲ ಕಂಪನಿಗಳ ಡಿಪೊಗಳಿಗೆ ಹೋಗಿ ಅಲ್ಲಿ ಪೆಟ್ರೋಲಿಗೆ ಬೆರೆಯುತ್ತದೆ. ಎಥನಾಲ್ ನೀರನ್ನು ಹೀರಿಕೊಳ್ಳುವುದರಿಂದ ಡಿಪೊ ಮತ್ತು ಬಂಕ್‌ಗಳ ನೆಲದಡಿಯ ಟ್ಯಾಂಕುಗಳಿಗೆ ನೀರು ಸೇರದಂತೆ ನೋಡಿಕೊಳ್ಳಬೇಕಾಗುತ್ತದೆ.

ಒಂದು ಟನ್ ಕಬ್ಬಿನಿಂದ ಸಕ್ಕರೆಯ ಜೊತೆಗೆ ಸಾಮಾನ್ಯವಾಗಿ 40ರಿಂದ 45 ಕಿಲೋ ಸಿ-ಹೆವಿ ಕಾಕಂಬಿ ಬರುತ್ತದೆ. ಒಂದು ಟನ್ ಸಿ-ಹೆವಿ ಕಾಕಂಬಿಯಿಂದ ಸುಮಾರು 225 ಲೀಟರ್, ಬಿ-ಹೆವಿಯಿಂದ ಸುಮಾರು 300 ಲೀಟರ್ ಎಥನಾಲ್ ಸಿಗುತ್ತದೆ. ಸಕ್ಕರೆ ಮಾಡದೆ ರಸವನ್ನೇ ಹುದುಗಿಸಿದರೆ ಒಂದು ಟನ್ ಕಬ್ಬಿಗೆ ಸುಮಾರು 70 ಲೀಟರ್ ದೊರೆಯುತ್ತದೆ. ಈ ದರಗಳ ಪ್ರಕಾರ ದಿನಕ್ಕೆ 5,000 ಟನ್ ಕಬ್ಬು ಅರೆಯುವ ಕಾರ್ಖಾನೆಯ ಸಿ-ಹೆವಿ ಕಾಕಂಬಿ ದಿನಕ್ಕೆ 45,000ದಿಂದ 50,000 ಲೀಟರ್ ಎಥನಾಲಿಗೆ ಸಾಲುತ್ತದೆ. ಅಷ್ಟೇ ಕಬ್ಬಿನ ರಸವೆಲ್ಲವನ್ನೂ ಎಥನಾಲಿಗೆ ತಿರುಗಿಸಿದರೆ ಪ್ರಮಾಣ 3.5 ಲಕ್ಷ ಲೀಟರ್ ಆಗುತ್ತದೆ, ಆದರೆ ಸಕ್ಕರೆ ಸಿಗುವುದಿಲ್ಲ.

ವಿಧಗಳು

ಕಚ್ಚಾವಸ್ತುವಿನ ಆಧಾರದ ಮೇಲೆ ಎಥನಾಲನ್ನು ಎರಡು ತಲೆಮಾರುಗಳಾಗಿ ವಿಂಗಡಿಸಲಾಗುತ್ತದೆ. ಕಬ್ಬು, ಮುಸುಕಿನ ಜೋಳ, ಅಕ್ಕಿ ಮುಂತಾದ ಸಕ್ಕರೆ ಮತ್ತು ಪಿಷ್ಟದ ಬೆಳೆಗಳಿಂದ ಬರುವುದು ಮೊದಲ ತಲೆಮಾರಿನದು. ಹುಲ್ಲು, ಜೋಳದ ಕಡ್ಡಿ, ಬಗಾಸ್ ಮೊದಲಾದ ನಾರುಳ್ಳ ಕೃಷಿ ತ್ಯಾಜ್ಯದಿಂದ ಬರುವುದು ಎರಡನೇ ತಲೆಮಾರಿನದು. ಎರಡನೆಯದಕ್ಕೆ ಕೇಂದ್ರ ಸರ್ಕಾರ 2019ರಲ್ಲಿ ಪ್ರಧಾನಮಂತ್ರಿ ಜಿ-ವನ್ ಯೋಜನೆಯ ಮೂಲಕ ಆರ್ಥಿಕ ನೆರವು ಪ್ರಕಟಿಸಿತು. ಅದರಡಿ ಕರ್ನಾಟಕದಲ್ಲಿ ಮಂಗಳೂರು ರಿಫೈನರಿ ಸಂಸ್ಥೆ ದಾವಣಗೆರೆ ಜಿಲ್ಲೆಯ ಹರಿಹರದಲ್ಲಿ ಘಟಕವೊಂದನ್ನು ಯೋಜಿಸಿತು. ಮಂಡ್ಯ ಜಿಲ್ಲೆಯ ಉತ್ಪಾದನೆ ಮೊದಲ ತಲೆಮಾರಿಗೆ, ಅದರಲ್ಲೂ ಕಬ್ಬು ಆಧಾರಿತ ವಿಧಕ್ಕೆ ಸೇರಿದೆ.

ಡಿಸ್ಟಿಲರಿಗಳಲ್ಲಿಯೂ ಮೂರು ಬಗೆಗಳಿವೆ: ಸಕ್ಕರೆ ಕಾರ್ಖಾನೆಗೆ ಹೊಂದಿಕೊಂಡವು, ಹೊರಗಿನಿಂದ ಕಾಕಂಬಿ ಅಥವಾ ಧಾನ್ಯ ಕೊಳ್ಳುವ ಸ್ವತಂತ್ರ ಘಟಕಗಳು, ಮತ್ತು ಕಬ್ಬಿನ ಹಂಗಾಮಿನಲ್ಲಿ ಕಾಕಂಬಿಯನ್ನೂ ಉಳಿದ ತಿಂಗಳುಗಳಲ್ಲಿ ಧಾನ್ಯವನ್ನೂ ಬಳಸುವ ದ್ವಿ-ಕಚ್ಚಾವಸ್ತು ಘಟಕಗಳು.

ಬೆಲೆ

ಎಥನಾಲಿನ ಬೆಲೆ ಕಚ್ಚಾವಸ್ತುವಿಗೆ ತಕ್ಕಂತೆ ಬೇರೆಬೇರೆ. 2024–25ರ ಸರಬರಾಜು ವರ್ಷಕ್ಕೆ ಸಿ-ಹೆವಿ ಕಾಕಂಬಿಯ ಎಥನಾಲಿಗೆ ಲೀಟರಿಗೆ ₹57.97, ಬಿ-ಹೆವಿಗೆ ₹60.73, ರಸ ಅಥವಾ ಸಿರಪ್‌ಗೆ ₹65.61 ನಿಗದಿಯಾಗಿತ್ತು. ಮುಸುಕಿನ ಜೋಳದ ಎಥನಾಲಿಗೆ ₹71.86 ದೊರೆಯಿತು.

ಕಬ್ಬಿಗೆ ಕೇಂದ್ರ ಪ್ರಕಟಿಸುವುದು ನ್ಯಾಯಯುತ ಮತ್ತು ಲಾಭದಾಯಕ ಬೆಲೆ, ಅಂದರೆ ಎಫ್‌ಆರ್‌ಪಿ. ಈ ಪದ್ಧತಿ 2009ರಲ್ಲಿ ಶಾಸನಬದ್ಧ ಕನಿಷ್ಠ ಬೆಲೆಯ ಜಾಗಕ್ಕೆ ಬಂತು. ಶೇ. 10.25ರ ಇಳುವರಿಗೆ ಕ್ವಿಂಟಲಿಗೆ 2023–24ರಲ್ಲಿ ₹315, 2024–25ರಲ್ಲಿ ₹340, 2025–26ರಲ್ಲಿ ₹355 ಎಂದು ನಿಗದಿಯಾಗಿದೆ. ಉತ್ತರ ಕರ್ನಾಟಕದ ಬೆಳಗಾವಿ ಭಾಗಕ್ಕೆ ಹೋಲಿಸಿದರೆ ಮಂಡ್ಯ ಭಾಗದಲ್ಲಿ ಸಕ್ಕರೆ ಇಳುವರಿ ಕಡಿಮೆ ಇರುವುದರಿಂದ, ಇಳುವರಿ ಆಧಾರಿತ ಬೆಲೆ ಇಲ್ಲಿ ಕೆಳಮಟ್ಟದಲ್ಲಿ ಇತ್ಯರ್ಥವಾಗುತ್ತದೆ. ಸಕ್ಕರೆಯ ಕನಿಷ್ಠ ಮಾರಾಟ ಬೆಲೆ 2019ರ ಫೆಬ್ರುವರಿಯಲ್ಲಿ ಕಿಲೋಗೆ ₹31 ಎಂದು ನಿಗದಿಯಾಯಿತು. ಕಬ್ಬು, ಸಕ್ಕರೆ ಮತ್ತು ಎಥನಾಲ್ ಮೂರರ ಬೆಲೆಗಳೂ ಆಡಳಿತಾತ್ಮಕ ನಿರ್ಧಾರಗಳಾಗಿದ್ದು, ಕಾರ್ಖಾನೆ ಯಾವ ದಾರಿಯಲ್ಲಿ ಎಷ್ಟು ರಸ ಹರಿಸುತ್ತದೆ ಎಂಬುದು ಅವುಗಳ ನಡುವಿನ ಅಂತರವನ್ನು ಅವಲಂಬಿಸುತ್ತದೆ.

ಜಿಲ್ಲೆಯ ಕಾರ್ಖಾನೆಗಳು

ಮಂಡ್ಯ ನಗರದ ಮೈಷುಗರ್ ರಾಜ್ಯ ಸರ್ಕಾರದ ಒಡೆತನದ ಸಕ್ಕರೆ ಕಾರ್ಖಾನೆ. ಹಲವು ವರ್ಷಗಳ ನಷ್ಟದಿಂದ ಅರೆಯುವಿಕೆ ನಿಂತಿದ್ದ ಕಾರ್ಖಾನೆಯನ್ನು ಖಾಸಗಿಯವರಿಗೆ ಗುತ್ತಿಗೆ ಕೊಡುವ ಪ್ರಸ್ತಾವಕ್ಕೆ ಜಿಲ್ಲೆಯ ರೈತ ಸಂಘಟನೆಗಳು ವಿರೋಧ ವ್ಯಕ್ತಪಡಿಸಿದವು. 2022ರಲ್ಲಿ ಸರ್ಕಾರದ ಅಡಿಯಲ್ಲಿಯೇ ಅದು ಪುನಾರಂಭವಾಯಿತು.

ಮದ್ದೂರು ತಾಲ್ಲೂಕಿನಲ್ಲಿ ಎರಡು ಖಾಸಗಿ ಕಾರ್ಖಾನೆಗಳಿವೆ: ಭಾರತೀನಗರದ, ಅಂದರೆ ಕೆ.ಎಂ. ದೊಡ್ಡಿಯ, ಚಾಮುಂಡೇಶ್ವರಿ ಸಕ್ಕರೆ ಕಾರ್ಖಾನೆ ಮತ್ತು ಕೊಪ್ಪದ ಎನ್‌ಎಸ್‌ಎಲ್ ಕಾರ್ಖಾನೆ. ಚಾಮುಂಡೇಶ್ವರಿ ಕಾರ್ಖಾನೆಗೆ ಡಿಸ್ಟಿಲರಿ ಮತ್ತು ಸಹ-ವಿದ್ಯುತ್ ಘಟಕಗಳು ಹೊಂದಿಕೊಂಡಿವೆ. ಮಳವಳ್ಳಿ ತಾಲ್ಲೂಕಿನ ಕಬ್ಬಿಗೆ ಭಾರತೀನಗರ ಹತ್ತಿರದ ಕಾರ್ಖಾನೆ. ಪಾಂಡವಪುರದ ಸಹಕಾರ ಸಕ್ಕರೆ ಕಾರ್ಖಾನೆಯನ್ನು 2020ರಲ್ಲಿ ನಿರಾಣಿ ಸಮೂಹಕ್ಕೆ 40 ವರ್ಷಗಳ ಗುತ್ತಿಗೆಗೆ ನೀಡಲಾಯಿತು. ಕೃಷ್ಣರಾಜಪೇಟೆ ತಾಲ್ಲೂಕಿನ ಮಾಕವಳ್ಳಿಯಲ್ಲಿ ಕೋರಮಂಡಲ್ ಸಕ್ಕರೆ ಕಾರ್ಖಾನೆ ಇದೆ.

ಕಾರ್ಖಾನೆಗಳ ಜೊತೆಗೆ ಆಲೆಮನೆಗಳೂ ಕಬ್ಬು ಕೊಳ್ಳುತ್ತವೆ. ಬೆಲ್ಲದ ಬೆಲೆ ಏರಿದಾಗ ಅಥವಾ ಕಾರ್ಖಾನೆಯ ಕಟಾವು ಆದೇಶ ತಡವಾದಾಗ ಕಬ್ಬು ಆಲೆಮನೆಗೆ ತಿರುಗುವುದುಂಟು. ಇದರಿಂದ ಕಾರ್ಖಾನೆಯ ಕಾಕಂಬಿ ಮತ್ತು ಎಥನಾಲಿನ ಪ್ರಮಾಣ ವರ್ಷದಿಂದ ವರ್ಷಕ್ಕೆ ಏರುಪೇರಾಗುತ್ತದೆ.

ನೀರು ಮತ್ತು ಬೆಳೆ ಯೋಜನೆ

ಕೃಷ್ಣರಾಜಸಾಗರದ ಗರಿಷ್ಠ ಮಟ್ಟ 124.80 ಅಡಿ, ಸಂಗ್ರಹ ಸಾಮರ್ಥ್ಯ 49.45 ಟಿಎಂಸಿ ಅಡಿ. ಅಚ್ಚುಕಟ್ಟಿಗೆ ನೀರನ್ನು ನೀರಾವರಿ ಸಲಹಾ ಸಮಿತಿಯ ತೀರ್ಮಾನದಂತೆ ಬಿಡಲಾಗುತ್ತದೆ. ಸಂಗ್ರಹ ಕಡಿಮೆಯಾದ ವರ್ಷಗಳಲ್ಲಿ ಕಟ್ಟು ಪದ್ಧತಿ ಜಾರಿಯಲ್ಲಿರುತ್ತದೆ, ಅಂದರೆ ಕೆಲವು ದಿನ ನೀರು ಹರಿಸಿ ಕೆಲವು ದಿನ ನಿಲ್ಲಿಸಲಾಗುತ್ತದೆ. ಕಬ್ಬು ವರ್ಷವಿಡೀ ನೆಲದಲ್ಲಿರುವ ಬೆಳೆ. ಮೊದಲ ಕಟಾವಿನ ನಂತರ ಕೂಳೆ ಬೆಳೆಯನ್ನೂ ಉಳಿಸಿಕೊಳ್ಳುವುದರಿಂದ, ಒಮ್ಮೆ ನಾಟಿ ಮಾಡಿದ ರೈತನ ನೀರಿನ ಅಗತ್ಯ ಎರಡು ಅಥವಾ ಹೆಚ್ಚು ವರ್ಷ ಮುಂದುವರಿಯುತ್ತದೆ.

ಕಾವೇರಿ ಜಲವಿವಾದ ನ್ಯಾಯಮಂಡಳಿ 2007ರ ಫೆಬ್ರುವರಿ 5ರಂದು ನೀಡಿದ ಅಂತಿಮ ಐತೀರ್ಪಿನಲ್ಲಿ ಕರ್ನಾಟಕಕ್ಕೆ 270 ಟಿಎಂಸಿ ಅಡಿ ನೀರು ಹಂಚಿತ್ತು. ಸುಪ್ರೀಂ ಕೋರ್ಟ್ 2018ರ ಫೆಬ್ರುವರಿ 16ರಂದು ಅದನ್ನು 284.75 ಟಿಎಂಸಿಗೆ ಏರಿಸಿತು. ಮಳೆ ಕೈಕೊಟ್ಟ 2023ರಲ್ಲಿ ತಮಿಳುನಾಡಿಗೆ ನೀರು ಬಿಡುವ ಆದೇಶಗಳ ವಿರುದ್ಧ ಮಂಡ್ಯ ಮತ್ತು ಮದ್ದೂರಿನಲ್ಲಿ ಪ್ರತಿಭಟನೆಗಳು ನಡೆದವು. ಅದೇ ವರ್ಷ ದೇಶದ ಹಲವೆಡೆ ಕಬ್ಬಿನ ಉತ್ಪಾದನೆ ಕುಸಿಯುವ ಅಂದಾಜಿನಿಂದ ಕೇಂದ್ರ ಸರ್ಕಾರ ಎಥನಾಲ್ ತಯಾರಿಕೆಗೂ ಕಡಿವಾಣ ಹಾಕಿತು.

ನೀತಿ ಆಯೋಗ 2021ರಲ್ಲಿ ಪ್ರಕಟಿಸಿದ, 2020–25ರ ಎಥನಾಲ್ ಮಿಶ್ರಣದ ಮಾರ್ಗಸೂಚಿ, ಬೇಸಾಯದ ನೀರನ್ನೂ ಸೇರಿಸಿ ಕಬ್ಬಿನಿಂದ ಬರುವ ಒಂದು ಲೀಟರ್ ಎಥನಾಲಿಗೆ ಸುಮಾರು 2,860 ಲೀಟರ್ ನೀರು ಬೇಕೆಂದು ಅಂದಾಜಿಸಿದೆ. ಕಬ್ಬು ಮತ್ತು ಭತ್ತ ಸೇರಿ ದೇಶದ ನೀರಾವರಿ ನೀರಿನ ಸುಮಾರು ಶೇ. 70ರಷ್ಟನ್ನು ಬಳಸುತ್ತವೆ ಎಂದೂ, ಕಡಿಮೆ ನೀರಿನ ಬೆಳೆಗಳತ್ತ ರೈತರನ್ನು ಉತ್ತೇಜಿಸಬೇಕೆಂದೂ ಅದು ಹೇಳುತ್ತದೆ. ಕಾಕಂಬಿ ಸಕ್ಕರೆಯ ಉಪೋತ್ಪನ್ನವಾದ್ದರಿಂದ ಸಿ-ಹೆವಿ ಎಥನಾಲಿಗೆ ಹೆಚ್ಚುವರಿ ಕಬ್ಬು ಬೇಕಿಲ್ಲ. ಬಿ-ಹೆವಿ ಮತ್ತು ರಸದ ಎಥನಾಲಿನಲ್ಲಿ ಸಕ್ಕರೆಯಾಗಬಹುದಾದ ಭಾಗವೂ ಇಂಧನವಾಗುತ್ತದೆ. ನೀರಿನ ಲೆಕ್ಕದಲ್ಲಿ ಈ ವ್ಯತ್ಯಾಸ ಮುಖ್ಯವಾದುದು.

ಪರಿಸರ ನಿಯಂತ್ರಣ

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಗುರುತಿಸಿರುವ 17 ಅತಿ ಮಾಲಿನ್ಯಕಾರಿ ಉದ್ಯಮಗಳಲ್ಲಿ ಸಕ್ಕರೆ ಮತ್ತು ಡಿಸ್ಟಿಲರಿ ಎರಡೂ ಇವೆ. ಕಾಕಂಬಿಯಿಂದ ಒಂದು ಲೀಟರ್ ಆಲ್ಕೊಹಾಲ್ ತಯಾರಿಸಿದಾಗ ಸಾಮಾನ್ಯವಾಗಿ 8ರಿಂದ 15 ಲೀಟರ್ ಸ್ಪೆಂಟ್‌ವಾಷ್ ಉಳಿಯುತ್ತದೆ. ಇದು ಕಡು ಕಂದು ಬಣ್ಣದ ಆಮ್ಲೀಯ ದ್ರವ. ಇದರ ಜೈವಿಕ ಆಮ್ಲಜನಕ ಬೇಡಿಕೆ ಲೀಟರಿಗೆ 40,000 ಮಿಲಿಗ್ರಾಂ ಮೀರುವುದುಂಟು. ಸಂಸ್ಕರಿಸದೆ ಹಳ್ಳಕ್ಕೆ ಬಿಟ್ಟರೆ ನೀರಿನ ಆಮ್ಲಜನಕ ಬರಿದಾಗಿ ಮೀನುಗಳು ಸಾಯುತ್ತವೆ. ಮದ್ದೂರಿನ ಮೂಲಕ ಹರಿಯುವ ಶಿಂಷಾ ನದಿ ಮಳವಳ್ಳಿ ತಾಲ್ಲೂಕಿನಲ್ಲಿ ಕಾವೇರಿಗೆ ಸೇರುವುದರಿಂದ, ಈ ಭಾಗದ ತ್ಯಾಜ್ಯಜಲದ ನಿಯಂತ್ರಣ ಕಾವೇರಿಯ ಕೆಳದಂಡೆಗೂ ಸಂಬಂಧಿಸಿದೆ.

1974ರ ಜಲ ಕಾಯಿದೆಯಡಿ ಡಿಸ್ಟಿಲರಿಗಳು ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಸ್ಥಾಪನೆಗೂ ಕಾರ್ಯಾಚರಣೆಗೂ ಪ್ರತ್ಯೇಕ ಸಮ್ಮತಿ ಪಡೆಯಬೇಕು. ಹೊರಗೆ ಹನಿ ತ್ಯಾಜ್ಯವನ್ನೂ ಬಿಡದ ಶೂನ್ಯ ದ್ರವ ವಿಸರ್ಜನೆ ಈಗಿನ ಮಾನದಂಡ. ಸ್ಪೆಂಟ್‌ವಾಷಿನಿಂದ ಮೊದಲು ಬಯೊಗ್ಯಾಸ್ ತೆಗೆದು, ಉಳಿದುದನ್ನು ಆವಿಯಾಗಿಸಿ ಗಟ್ಟಿಗೊಳಿಸಿ, ಬಾಯ್ಲರಿನಲ್ಲಿ ಉರಿಸುವುದು ಅಥವಾ ಪ್ರೆಸ್‌ಮಡ್ ಜೊತೆ ಸೇರಿಸಿ ಗೊಬ್ಬರ ಮಾಡುವುದು ಇದರ ಪ್ರಚಲಿತ ವಿಧಾನಗಳು.

2006ರ ಪರಿಸರ ಪರಿಣಾಮ ಅಧ್ಯಯನ ಅಧಿಸೂಚನೆಯ ಅನುಸೂಚಿಯಲ್ಲಿ ಡಿಸ್ಟಿಲರಿ 5(ಜಿ) ಬಾಬತ್ತಿನಲ್ಲಿದೆ. ಸಾಮಾನ್ಯ ಕ್ರಮದಲ್ಲಿ ದೊಡ್ಡ ಘಟಕಗಳು ಅಧ್ಯಯನ ವರದಿ ಸಿದ್ಧಪಡಿಸಿ ಸಾರ್ವಜನಿಕ ಅಹವಾಲು ಸಭೆ ನಡೆಸಬೇಕು. ಕೇವಲ ಮಿಶ್ರಣ ಕಾರ್ಯಕ್ರಮಕ್ಕಾಗಿ ಎಥನಾಲ್ ತಯಾರಿಸುವುದಾಗಿ ಬರೆದುಕೊಡುವ ಘಟಕಗಳನ್ನು 2021ರ ತಿದ್ದುಪಡಿ ಬಿ-2 ವರ್ಗಕ್ಕೆ ಸೇರಿಸಿತು. ಈ ವರ್ಗದಲ್ಲಿ ಅಧ್ಯಯನ ವರದಿಯೂ ಅಹವಾಲು ಸಭೆಯೂ ಕಡ್ಡಾಯವಲ್ಲ.

ಉಪಯೋಗಗಳು ಮತ್ತು ಉಪೋತ್ಪನ್ನಗಳು

ಎಥನಾಲ್ ಮುಖ್ಯವಾಗಿ ಪೆಟ್ರೋಲ್ ಮಿಶ್ರಣಕ್ಕೆ ಹೋಗುತ್ತದೆ. ಅದರ ಆಕ್ಟೇನ್ ಅಂಕ ಪೆಟ್ರೋಲಿಗಿಂತ ಹೆಚ್ಚು, ಆದರೆ ಪ್ರತಿ ಲೀಟರಿನ ಉಷ್ಣಮೌಲ್ಯ ಸುಮಾರು ಮೂರನೇ ಒಂದು ಭಾಗ ಕಡಿಮೆ. ಇ0ಗೆ ವಿನ್ಯಾಸಗೊಂಡು ಇ10ಕ್ಕೆ ಹೊಂದಿಸಿದ ನಾಲ್ಕು ಚಕ್ರದ ವಾಹನಗಳು ಇ20 ಬಳಸಿದರೆ ಇಂಧನ ಕ್ಷಮತೆ ಶೇ. 6ರಿಂದ 7, ದ್ವಿಚಕ್ರ ವಾಹನಗಳಲ್ಲಿ ಶೇ. 3ರಿಂದ 4 ಕುಗ್ಗಬಹುದೆಂದು ನೀತಿ ಆಯೋಗದ ಮಾರ್ಗಸೂಚಿ ಅಂದಾಜಿಸಿತ್ತು. ರೆಕ್ಟಿಫೈಡ್ ಸ್ಪಿರಿಟ್‌ನಿಂದ ಮದ್ಯ, ಸ್ಯಾನಿಟೈಸರ್, ಔಷಧ ಮತ್ತು ರಾಸಾಯನಿಕಗಳೂ ತಯಾರಾಗುತ್ತವೆ.

ಬಗಾಸ್ ಉರಿಸಿ ಪಡೆದ ಹಬೆಯಿಂದ ಕಾರ್ಖಾನೆಯ ಯಂತ್ರಗಳೂ ಸಹ-ವಿದ್ಯುತ್ ಘಟಕಗಳೂ ನಡೆಯುತ್ತವೆ. ಹೆಚ್ಚಿದ ವಿದ್ಯುತ್ತು ಗ್ರಿಡ್‌ಗೆ ಮಾರಾಟವಾಗುತ್ತದೆ. ಪ್ರೆಸ್‌ಮಡ್ ಗೊಬ್ಬರವಾಗುವುದಲ್ಲದೆ ಸಂಕುಚಿತ ಬಯೊಗ್ಯಾಸ್ ತಯಾರಿಕೆಗೂ ಒದಗುತ್ತದೆ. ಈ ಅನಿಲದ ಖರೀದಿಗೆ ಕೇಂದ್ರ 2018ರಲ್ಲಿ ‘ಸತತ್’ ಯೋಜನೆ ಆರಂಭಿಸಿತು. ನಗರ ಅನಿಲ ವಿತರಕರು 2025–26ರಿಂದ ಶೇ. 1ರಷ್ಟು ಸಂಕುಚಿತ ಬಯೊಗ್ಯಾಸ್ ಬೆರೆಸಬೇಕೆಂಬ, 2028–29ಕ್ಕೆ ಶೇ. 5ಕ್ಕೆ ಏರುವ ಕಟ್ಟುಪಾಡೂ ಇದೆ.

ಇಂದಿನ ಸ್ಥಿತಿ

ದೇಶದ ಸರಾಸರಿ ಮಿಶ್ರಣ 2022–23ರಲ್ಲಿ ಶೇ. 12.06, 2023–24ರಲ್ಲಿ ಸುಮಾರು ಶೇ. 14.6 ಇತ್ತು. 2025ರಲ್ಲಿ ಶೇ. 20ರ ಮಟ್ಟ ತಲುಪಿತು. ಇದೇ ಅವಧಿಯಲ್ಲಿ ಕಚ್ಚಾವಸ್ತುವಿನ ಸ್ವರೂಪ ಬದಲಾಯಿತು. 2023ರ ಡಿಸೆಂಬರ್ 7ರಂದು ಕೇಂದ್ರ ಸರ್ಕಾರ ಕಬ್ಬಿನ ರಸ ಮತ್ತು ಸಿರಪ್‌ನಿಂದ ಎಥನಾಲ್ ತಯಾರಿಕೆಯನ್ನು ನಿಲ್ಲಿಸಲು ಆದೇಶಿಸಿ, ಸುಮಾರು ಒಂದು ವಾರದಲ್ಲಿ ಅದನ್ನು 17 ಲಕ್ಷ ಟನ್ ಸಕ್ಕರೆಯ ಮಿತಿಗೆ ಸಡಿಲಿಸಿತು. 2024–25ಕ್ಕೆ ಈ ಮಿತಿಯನ್ನು 2024ರ ಆಗಸ್ಟ್‌ನಲ್ಲಿ ತೆಗೆಯಲಾಯಿತು. ಈ ನಡುವೆ ಮುಸುಕಿನ ಜೋಳ ಮತ್ತು ಅಕ್ಕಿಯ ಎಥನಾಲ್ ಮುಂದೆ ಬಂತು. 2025–26ರ ಸರಬರಾಜಿಗೆ ತೈಲ ಕಂಪನಿಗಳು ಹಂಚಿದ ಸುಮಾರು 1,048 ಕೋಟಿ ಲೀಟರಿನಲ್ಲಿ ಕಬ್ಬು ಆಧಾರಿತ ಎಥನಾಲಿನ ಪಾಲು ಸುಮಾರು ಶೇ. 28.

ಇ20 ಜೊತೆಗೆ ಎಥನಾಲ್ ಇಲ್ಲದ ಪೆಟ್ರೋಲಿನ ಆಯ್ಕೆಯೂ ಇರಬೇಕೆಂದು ಕೋರಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ವಜಾಗೊಳಿಸಿತು. ಅದೇ ವರ್ಷದ ನವೆಂಬರಿನಲ್ಲಿ ಬೆಳಗಾವಿ ಜಿಲ್ಲೆಯಲ್ಲಿ ಕಬ್ಬು ಬೆಳೆಗಾರರ ಹೋರಾಟ ತೀವ್ರವಾದಾಗ, ರಾಜ್ಯದ ಡಿಸ್ಟಿಲರಿಗಳಿಗೆ ಸಿಕ್ಕ ಎಥನಾಲ್ ಹಂಚಿಕೆ ಅವುಗಳ ಸಾಮರ್ಥ್ಯಕ್ಕಿಂತ ಬಹಳ ಕಡಿಮೆ ಎಂದು ಕರ್ನಾಟಕ ಸರ್ಕಾರ ಕೇಂದ್ರದ ಮುಂದೆ ಆಕ್ಷೇಪ ಇಟ್ಟಿತು. ಕಬ್ಬಿನ ಬೆಲೆ ಮತ್ತು ಎಥನಾಲ್ ಹಂಚಿಕೆ ಒಂದೇ ಮಾತುಕತೆಯ ವಿಷಯಗಳಾದವು.

ಮಂಡ್ಯ ಜಿಲ್ಲೆಯಲ್ಲಿ ಡಿಸ್ಟಿಲರಿ ಸಾಮರ್ಥ್ಯದ ವಿಸ್ತರಣೆಗೆ ನಾಲ್ಕು ಅಂಶಗಳು ನಿರ್ಣಾಯಕವಾಗಿವೆ: ತೈಲ ಕಂಪನಿಗಳ ವಾರ್ಷಿಕ ಹಂಚಿಕೆ, ಕಬ್ಬು ಮತ್ತು ಎಥನಾಲ್ ಬೆಲೆಗಳ ನಡುವಿನ ಅಂತರ, ಸ್ಪೆಂಟ್‌ವಾಷ್ ಸಂಸ್ಕರಣೆಯ ವೆಚ್ಚ ಮತ್ತು ವಿಶ್ವೇಶ್ವರಯ್ಯ ನಾಲೆಯ ನೀರು. ಮೊದಲ ಎರಡು ದೆಹಲಿಯಲ್ಲಿ ನಿಗದಿಯಾಗುತ್ತವೆ. ಮೂರನೆಯದರ ಮಾನದಂಡವನ್ನು ಎರಡೂ ಸರ್ಕಾರಗಳ ಮಾಲಿನ್ಯ ಮಂಡಳಿಗಳು ವಿಧಿಸುತ್ತವೆ. ನಾಲ್ಕನೆಯದನ್ನು ಮುಂಗಾರು ಮತ್ತು 2018ರ ತೀರ್ಪಿನ ನಂತರ ರಚನೆಯಾದ ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರದ ಆದೇಶಗಳು ನಿರ್ಧರಿಸುತ್ತವೆ.